ಹನ್ನೊಂದು ಬಾಯಿಗಳ ಮಂಗಳವಾರ

ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಷೋಕೇಸು ಇದೆ. ಅದರ ಮೇಲಿನ ಅರೆಯಲ್ಲಿ, ನಾನು ಕಾಲೇಜಿನಿಂದ ನಿವೃತ್ತಳಾದ ದಿನ ಬೇರೆಬೇರೆಯವರು ಕೊಟ್ಟ ಏಳು ಗಡಿಯಾರಗಳಿವೆ. ಇನ್ನು ಮೇಲೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದವಳಿಗೆ ಎಲ್ಲರೂ ಗಡಿಯಾರವನ್ನೇ ಏಕೆ ಕೊಟ್ಟರೆಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಕೆಳಗಿನ ಅರೆಯಲ್ಲಿ ಹಬ್ಬಕ್ಕೆ ಮಾತ್ರ ಹೊರಬರುವ ಪಿಂಗಾಣಿ ಕಪ್ಪುಬಸಿಗಳಿವೆ. ಇವೆರಡರ ನಡುವಿನ ಅರೆಯಲ್ಲಿ, ಕಳೆದ ವರ್ಷ ಕೆಲವು ತಿಂಗಳ ಕಾಲ, ಬಿಳಿಯ ಪ್ಲಾಸ್ಟರಿನ ಇಪ್ಪತ್ತೆರಡು ತುಂಡುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ಗ್ಯಾಸ್ ಸಿಲಿಂಡರು ತಂದವನು ಅವನ್ನು ಕಂಡು, ಇಷ್ಟೊಂದು ಕುದುರೆ ಲಾಳ ಯಾಕೆ ಕೂಡಿಟ್ಟಿದ್ದೀರಿ ಎಂದು ಕೇಳಿದ. ಎದುರು ಮನೆಯಾಕೆ, ನಿವೃತ್ತಿಯ ಬೇಸರ ಕಳೆಯಲು ನಾನು ಗೊಂಬೆ ಮಾಡುವುದನ್ನು ಕಲಿಯುತ್ತಿದ್ದೇನೆಂದು ಭಾವಿಸಿ, ಮೊದಮೊದಲು ಹೀಗೇ ಆಗುತ್ತದೆ, ಕೈ ಬಿಡಬೇಡಿ ಎಂದು ಧೈರ್ಯ ಹೇಳಿ ಹೋದರು. ಅವು ಲಾಳವೂ ಅಲ್ಲ, ಕೆಟ್ಟ ಗೊಂಬೆಗಳೂ ಅಲ್ಲ. ಹನ್ನೊಂದು ಜನ ಹಿರಿಯರ ಹಲ್ಲಿಲ್ಲದ ಬಾಯಿಗಳ ಅಚ್ಚುಗಳು. ತಲೆಗೆ ಎರಡರಂತೆ, ಮೇಲೊಂದು ಕೆಳಗೊಂದು. ಒಂದೊಂದರ ಬೆನ್ನಿನ ಮೇಲೂ ಪೆನ್ಸಿಲಿನಿಂದ ಬರೆದ ಹೆಸರು, ಊರು.

ಇನ್ನೊಬ್ಬರ ಬಾಯಿ ನಿಮ್ಮ ಪಡಸಾಲೆಗೆ ಬಂದು ಕೂರುವುದೆಂದರೇನೆಂಬುದು ನಿಮಗೆ ಗೊತ್ತಿರಲಾರದು. ಮೊದಲ ವಾರ ನಾನು ಅವುಗಳ ಎದುರು ಊಟಕ್ಕೆ ಕೂರಲಾರದೆ ಅಡುಗೆ ಮನೆಯಲ್ಲೇ ನಿಂತು ಉಂಡೆ.

ಇದರ ಮೂಲಕ್ಕೆ ಹೋಗಬೇಕೆಂದರೆ ಡಾಕ್ಟರ್ ಮಹಾಂತೇಶನ ಹತ್ತಿರ ಹೋಗಬೇಕು. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು, ಈಗ ಲಿಂಗಸುಗೂರಿನಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದಾನೆ. ಹಳ್ಳಿಯ ಮುದುಕರು ನೋವೆಂದು ಬರುತ್ತಾರೆ, ಹಲ್ಲು ಕೀಳಿಸಿಕೊಂಡು ಹೋಗುತ್ತಾರೆ, ಕಟ್ಟಿಸಿಕೊಳ್ಳಲು ಮಾತ್ರ ಯಾರೂ ತಿರುಗಿ ಬರುವುದಿಲ್ಲ ಎಂದು ಅವನು ಒಮ್ಮೆ ನನ್ನ ಮುಂದೆ ಹೇಳಿಕೊಂಡ. ಆ ಮಾತು ಶರಣಪ್ಪ ಸಾಹುಕಾರರ ಕಿವಿಗೂ ಬಿತ್ತು. ಅವರು ನಮ್ಮ ಬಜಾರಿನ ಬಟ್ಟೆ ಅಂಗಡಿಯವರು, ಮೂರು ತಲೆಮಾರಿನಿಂದ ಸಿಂಧನೂರಿನ ಅರ್ಧದಷ್ಟು ಮದುವೆಗಳಿಗೆ ಸೀರೆ ಕೊಟ್ಟವರು. ಹೀಗೆ ನಾವು ಮೂವರು ಸೇರಿ ಒಂದು ಟ್ರಸ್ಟು ಮಾಡಿಕೊಂಡೆವು. ಅದಕ್ಕೆ ನಾನು ಬಹಳ ಯೋಚಿಸಿ ಸಂಸ್ಕೃತದ ಚಂದದ ಹೆಸರೊಂದನ್ನು ಇಟ್ಟೆ. ಜನ ಅದನ್ನು ಒಂದು ದಿನವೂ ಬಳಸದೆ "ಹಲ್ಲಿನ ಟ್ರಸ್ಟು" ಎಂದರು. ಸಾಹುಕಾರರು ಅಧ್ಯಕ್ಷರು, ಮಹಾಂತೇಶ ವೈದ್ಯ, ನಾನು ಕಾರ್ಯದರ್ಶಿ. ಕನ್ನಡ ಕಲಿಸಿದವಳಿಗೂ ಹಲ್ಲಿಗೂ ಏನು ಸಂಬಂಧವೆಂದು ಕೇಳಿದವರಿಗೆ ನನ್ನಲ್ಲಿ ಉತ್ತರವಿತ್ತು. ವ್ಯಾಕರಣದಲ್ಲಿ ತ, ದ, ನಗಳನ್ನು ದಂತ್ಯಗಳೆನ್ನುತ್ತಾರೆ, ನಾಲಿಗೆ ಹಲ್ಲನ್ನು ಮುಟ್ಟದೆ ಅವು ಹುಟ್ಟುವುದಿಲ್ಲ. ದಾನವೆಂಬ ಮಾತಿನ ಎರಡೂ ಅಕ್ಷರಗಳು ದಂತ್ಯ. ದಾಸೋಹ, ದತ್ತಿ, ದೇಣಿಗೆ, ನಿಧಿ, ಎಲ್ಲವೂ ಹಲ್ಲಿನಿಂದಲೇ ಹೊರಡಬೇಕು. ಬೇಡು ಎನ್ನಲು ಮಾತ್ರ ಹಲ್ಲು ಬೇಕಾಗಿಲ್ಲ, ತುಟಿಯೂ ಅಂಗುಳೂ ಸಾಕು. ಭಾಷೆಯನ್ನು ಮಾಡಿದವರು ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದರೋ ಇಲ್ಲವೋ, ಹಲ್ಲಿಲ್ಲದವನಿಗೆ ಬೇಡುವ ಮಾತೊಂದನ್ನಾದರೂ ಉಳಿಸಿಟ್ಟಿದ್ದಾರೆ.

ನಾಲ್ಕು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ರೈಸ್‌ಮಿಲ್ಲಿನ ಯಜಮಾನರೊಬ್ಬರು ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುತ್ತಿದ್ದರು, ಅದರಲ್ಲಿ ಹತ್ತು ಹನ್ನೆರಡು ಜನರ ಬಾಯಿ ತುಂಬುತ್ತಿತ್ತು. ಐದನೆಯ ವರ್ಷ ಅವರ ಮನಸ್ಸು ಮಠದ ಕಂಪೌಂಡು ಗೋಡೆಯ ಕಡೆಗೆ ಹೊರಳಿತು. ಗೋಡೆಗೆ ಅವರ ಹೆಸರು ಬರೆಯಬಹುದು, ಹಲ್ಲಿಗೆ ಬರೆಯಲಾಗುವುದಿಲ್ಲ, ಆದ್ದರಿಂದ ನಾನು ಅವರನ್ನು ದೂರಲಾರೆ. ಆದರೆ ಅವರು ಮನಸ್ಸು ಬದಲಿಸಿದ ಹೊತ್ತು ಮಾತ್ರ ಚೆನ್ನಾಗಿರಲಿಲ್ಲ. ಹೊಸ ಸೆಟ್ಟು ಕೂರಬೇಕಾದರೆ ಅಲ್ಲಾಡುವ ಹಳೆಯ ಹಲ್ಲುಗಳನ್ನೆಲ್ಲ ತೆಗೆದು, ವಸಡು ಮಾಯಲು ಎರಡು ತಿಂಗಳು ಬಿಡಬೇಕು. ಮಹಾಂತೇಶ ಆ ವರ್ಷದ ಹನ್ನೊಂದು ಜನರ ಬಾಯಲ್ಲಿ ಉಳಿದಿದ್ದ ಒಂದೆರಡು, ನಾಲ್ಕೈದು ಹಲ್ಲುಗಳನ್ನು ಆಗಲೇ ಕಿತ್ತಿದ್ದ, ವಸಡು ಮಾಯ್ದಿತ್ತು, ಅಚ್ಚೂ ತೆಗೆದಾಗಿತ್ತು. ಹಲ್ಲು ತಯಾರಿಸುವ ಲ್ಯಾಬಿನವರು ಮುಂಗಡ ಬಂದ ಮೇಲೆ ಕೆಲಸ ಹಿಡಿಯುತ್ತೇವೆಂದರು. ಒಂದೇ ಕೋಣೆಯ ದವಾಖಾನೆಯಲ್ಲಿ ಅಚ್ಚುಗಳು ಒಡೆದಾವೆಂಬ ಭಯಕ್ಕೆ ಅವನು ಅವನ್ನು ಹತ್ತಿಯಲ್ಲಿ ಸುತ್ತಿ ನನ್ನ ಮನೆಗೆ ತಂದಿಟ್ಟ. ಒಟ್ಟಿನಲ್ಲಿ ನಾವು ಮೂವರು ಮರ್ಯಾದಸ್ಥರು ಸೇರಿ, ಹಲ್ಲು ಕೊಡುತ್ತೇವೆಂದು ಹೇಳಿ, ಹನ್ನೊಂದು ಜನರ ಹಲ್ಲು ಕಿತ್ತು ಕೂತಿದ್ದೆವು.

ಆ ಹನ್ನೊಂದು ಜನರಲ್ಲಿ ಹತ್ತು ಮಂದಿ ಬಾಯಿ ಮುಚ್ಚಿಕೊಂಡು ಕಾದರು. ಹನ್ನೊಂದನೆಯವಳು ಪಾಮನಕಲ್ಲೂರಿನ ಹುಲಿಗೆಮ್ಮ. ಎಪ್ಪತ್ತರ ಆಸುಪಾಸಿನ, ಎತ್ತರದ, ಒಣಗಿದ ತೊಗರಿ ಕಟ್ಟಿಗೆಯಂಥ ಹೆಂಗಸು. ಎಂಟು ಕುರಿ, ಎರಡು ಎಕರೆ ಮಸಾರಿ ಹೊಲ ಮತ್ತು ಒಬ್ಬ ಸೊಸೆಯನ್ನು ಒಂದೇ ದನಿಯಲ್ಲಿ ಆಳುವವಳು. ಪ್ರತಿ ಸೋಮವಾರ ಬೆಳಿಗ್ಗೆ ಮೊಮ್ಮಗಳ ಫೋನಿನಿಂದ ನನಗೆ ಕರೆ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಕ್ಕೋರ, ನನ್ನ ಹಲ್ಲು ಎಲ್ಲಿಗಿ ಬಂದಾವ್ರೀ?"

ತನ್ನ ಹಲ್ಲುಗಳು ಯಾವುದೋ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುತ್ತಿವೆಯೆಂದೇ ಅವಳ ಭಾವನೆಯಿತ್ತೋ ಏನೋ. ನಾನು ಒಂದು ವಾರ ಬರುತ್ತವೆ ಎಂದೆ, ಇನ್ನೊಂದು ವಾರ ಹತ್ತಿರದಲ್ಲೇ ಇವೆ ಎಂದೆ. ಮೂವತ್ತೆರಡು ವರ್ಷ, ಹಲ್ಲಿಗೊಂದು ವರ್ಷದಂತೆ, ಸತ್ಯ ಹೇಳಬೇಕೆಂದು ಮಕ್ಕಳಿಗೆ ಬೋಧಿಸಿದ ಬಾಯಿ ಅದು.

ಆಗ ಬಂದವಳು ನನ್ನ ತಮ್ಮನ ಮಗಳು ಸುನೀತಾ. ಮಸ್ಕಿಯ ಶಾಲೆಯೊಂದರಲ್ಲಿ ಗಣಿತದ ಟೀಚರು, ರಜೆಯ ದಿನ ನನ್ನ ಮನೆಯಲ್ಲಿ ಊಟ, ಊಟಕ್ಕಿಂತ ಹೆಚ್ಚಾಗಿ ಫೋನು. ನವೆಂಬರ್ ತಿಂಗಳ ಕೊನೆಗೆ ಲೋಕವೆಲ್ಲ ದಾನಕ್ಕೆಂದೇ ಮೀಸಲಿಟ್ಟ ಒಂದು ದಿನವಿದೆಯೆಂದೂ, ಅಂದು ಸಣ್ಣಪುಟ್ಟ ಸಂಸ್ಥೆಗಳೆಲ್ಲ ಜಾಲತಾಣದಲ್ಲಿ ತಮ್ಮ ಕತೆ ಹೇಳಿಕೊಂಡು ನೆರವು ಕೇಳುತ್ತವೆಯೆಂದೂ, ಗುರುತಿಲ್ಲದ ಜನ ಫೋನಿನಿಂದಲೇ ಹಣ ಕಳಿಸುತ್ತಾರೆಂದೂ ಅವಳೇ ನಮಗೆ ತಿಳಿಸಿದ್ದು. ಸಾಹುಕಾರರಿಗೆ ಮೊದಲು ನಂಬಿಕೆಯಾಗಲಿಲ್ಲ. ಮುಖ ನೋಡಿದವರೇ ಕೊಡದಿರುವಾಗ ಮುಖ ನೋಡದವರು ಏಕೆ ಕೊಡುತ್ತಾರೆಂಬುದು ಅವರ ಅಂಗಡಿಯ ಅನುಭವ. ಆದರೆ ಬೇರೆ ದಾರಿಯಿರಲಿಲ್ಲ. ಸುನೀತಾ ಟ್ರಸ್ಟಿನ ಹೆಸರಿನಲ್ಲಿ ಒಂದು ಪೇಜು ತೆರೆದಳು. ಹಣ ಬಂದಾಗ ಕೂಗಿ ಹೇಳುವ, ಕಿರಾಣಿ ಅಂಗಡಿಗಳಲ್ಲಿ ಇರುವಂಥ ಸಣ್ಣ ಪೆಟ್ಟಿಗೆಯೊಂದನ್ನು ತಂದು ನನ್ನ ಏಳು ಗಡಿಯಾರಗಳ ಪಕ್ಕದಲ್ಲಿಟ್ಟಳು.

ಇಂಥ ಕೆಲಸಕ್ಕೂ ತರಬೇತಿಯಿದೆಯೆಂದು ನಿಮಗೆ ಗೊತ್ತೇ? ನಮಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಸುನೀತಾಳ ಫೋನಿನಲ್ಲಿ ಅಚ್ಚುಕಟ್ಟಾದ ಗಡ್ಡದ ಯುವಕನೊಬ್ಬ ಪ್ರತ್ಯಕ್ಷನಾಗಿ, ವೀಡಿಯೊದ ಮೊದಲ ಮೂರು ಸೆಕೆಂಡಿನಲ್ಲಿ ಕಣ್ಣೀರು ಕಾಣದಿದ್ದರೆ ನೋಡುವವನ ಹೆಬ್ಬೆರಳು ಮುಂದಕ್ಕೆ ಹೋಗಿಬಿಡುತ್ತದೆಂದು ವಿವರಿಸಿದ. ಒಬ್ಬರನ್ನೇ ಆರಿಸಿಕೊಳ್ಳಿ, ಅವರ ದುಃಖವನ್ನು ಹತ್ತಿರದಿಂದ ತೋರಿಸಿ, ಹಿನ್ನೆಲೆಯಲ್ಲಿ ಮಂದವಾದ ಕೊಳಲು ಇರಲಿ ಎಂದ. ನಾನು ನೋಟ್ಸು ಬರೆದುಕೊಂಡೆ. ನಮ್ಮ ಹನ್ನೊಂದು ಜನರಲ್ಲಿ ದುಃಖಕ್ಕೆ ತಕ್ಕವರು ಯಾರೆಂದು ಚರ್ಚೆಯಾಯಿತು. ಉಳಿದವರಿಗೆ ಕ್ಯಾಮೆರಾ ಎಂದರೆ ಅಂಜಿಕೆ, ಅಂಜದವಳು ಒಬ್ಬಳೇ. ಹೀಗೆ ಕರುಣರಸಕ್ಕೆ ನಾವು ಆರಿಸಿದ್ದು ಹುಲಿಗೆಮ್ಮನನ್ನು.

ದಾನದ ದಿನಕ್ಕೆ ಒಂದು ವಾರವಿರುವಾಗ ಮಹಾಂತೇಶನ ಕಾರಿನಲ್ಲಿ ನಾವು ಮೂವರು, ಅವನು, ಸುನೀತಾ ಮತ್ತು ನಾನು, ಪಾಮನಕಲ್ಲೂರಿಗೆ ಹೋದೆವು. ಸಿಂಧನೂರು ದಾಟಿ ಮಸ್ಕಿಯ ಗುಡ್ಡ ಕಾಣುವವರೆಗೆ ಕೊಯ್ಲಾದ ಭತ್ತದ ಗದ್ದೆಗಳು, ಆಮೇಲೆ ಕಾಲುವೆಯ ನೀರು ಕೈಬಿಟ್ಟ ನೆಲ, ತೊಗರಿ, ಸಜ್ಜೆಯ ಕೂಳೆ, ಕುರಿ ಹಿಂಡು. ಹುಲಿಗೆಮ್ಮ ಮನೆಯ ಮುಂದಿನ ಬೇವಿನ ಮರದಡಿ ನಮಗಾಗಿ ಕಾಯುತ್ತಿದ್ದಳು. ಅವಳನ್ನು ಕಂಡ ಕೂಡಲೇ ಸುನೀತಾಳ ಮುಖ ಇಳಿದುಹೋಯಿತು. ಹುಲಿಗೆಮ್ಮ ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟು, ಕಿವಿಗೆ ಬೆಂಡೋಲೆ, ಕೈಗೆ ಬೆಳ್ಳಿ ಕಡಗ, ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಎಣ್ಣೆ ಹಚ್ಚಿಕೊಂಡು ಮದುವಣಗಿತ್ತಿಯ ತಾಯಿಯಂತೆ ನಿಂತಿದ್ದಳು. ದಿನಾಲೂ ಉಡುವ ಸೀರೆ ಉಡಬಹುದೇ ಎಂದು ಸುನೀತಾ ಮೆಲ್ಲಗೆ ಕೇಳಿದಳು. ಫೋಟೋ ತೆಗೆಯುವವರ ಮುಂದೆ ಹರಕು ಸೀರೆಯಲ್ಲಿ ನಿಂತರೆ ಸೊಸೆ ಸರಿಯಾಗಿ ನೋಡಿಕೊಳ್ಳುವುದಿಲ್ಲವೆಂದು ಜನ ತಿಳಿಯುತ್ತಾರೆ, ಅವಳೇನೂ ಅಷ್ಟು ಕೆಟ್ಟವಳಲ್ಲ ಎಂದು ಹುಲಿಗೆಮ್ಮ ತೀರ್ಪು ಕೊಟ್ಟಳು. ಬಾಗಿಲ ಹಿಂದೆ ನಿಂತಿದ್ದ ಸೊಸೆ, ಆ ಮನೆಗೆ ಬಂದ ಮೇಲೆ ಕೇಳಿದ ಮೊದಲ ಹೊಗಳಿಕೆಯೆಂಬಂತೆ, ಒಳಗೆ ಹೋಗಿ ನಮಗೆಲ್ಲ ಚಹಾ ಇಟ್ಟಳು.

ಚಿತ್ರೀಕರಣ ಶುರುವಾಯಿತು. ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಸೆರಗು ತೆಗೆಯಲು ಹೇಳಿದರೆ ಒಲ್ಲೆನೆಂದಳು. ಹೋಗಲಿ, ಕಣ್ಣಲ್ಲಾದರೂ ದುಃಖವಿರಲೆಂದು ಸುನೀತಾ ಕೇಳಿಕೊಂಡಳು. ಅದೂ ಬರಲಿಲ್ಲ, ಆ ಕಣ್ಣುಗಳು ಫೋನನ್ನು ಕುರಿ ಕೊಳ್ಳಲು ಬಂದವನನ್ನು ನೋಡುವಂತೆ ನೋಡುತ್ತಿದ್ದವು. ಕೊನೆಗೆ ಮಹಾಂತೇಶ ಮುಂದೆ ಬಾಗಿ, ತೀರಿಹೋದ ಯಜಮಾನರನ್ನು ಒಂದು ಗಳಿಗೆ ನೆನಪು ಮಾಡಿಕೊಳ್ಳಬೇಕೆಂದು ಬಹಳ ಗೌರವದಿಂದ ಸೂಚಿಸಿದ.

"ಅಂವ ಹೋದ ಮ್ಯಾಲೆ ಒಂಚೂರು ಆರಾಮ ಅದೀನ್ರೀ ಡಾಕ್ಟರ" ಎಂದಳು ಹುಲಿಗೆಮ್ಮ.

ಸುನೀತಾ ಫೋನು ಕೆಳಗಿಟ್ಟಳು. ಆಗ ನಾನು, ಹಿರಿಯಳೆಂಬ ಅಧಿಕಾರದಿಂದ, ಹುಲಿಗೆಮ್ಮನ ಪಕ್ಕ ಕೂತು ತಿಳಿಹೇಳಲು ಹೊರಟೆ. ನೋಡುವವರ ಮನಸ್ಸು ಕರಗಬೇಕು, ಅದಕ್ಕೆ ಅವರಿಗೆ ನಿನ್ನ ಕಷ್ಟ ಕಾಣಬೇಕು, ಕಷ್ಟವಿರುವುದು ಬಾಯಲ್ಲಿ, ಆದ್ದರಿಂದ ಬಾಯಿ ಕಾಣಬೇಕು ಎಂದು ತರ್ಕಬದ್ಧವಾಗಿ ವಿವರಿಸಿದೆ. ಹುಲಿಗೆಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆರಗಿನ ಮರೆಯಿಂದಲೇ, ಸಿಟ್ಟಿಲ್ಲದೆ, ಹೊಲದ ಬದುವಿನ ತಕರಾರು ಬಗೆಹರಿಸುವವರ ದನಿಯಲ್ಲಿ ಹೇಳಿದಳು.

"ನಾ ಏನ್ ಬೇಡಾಕತ್ತೀನ್ರೀ ಅಕ್ಕೋರ? ನನ್ನ ಬಾಯಾಗ ನಾಕು ಹಲ್ಲಿದ್ದೂ. ಅಲ್ಲಾಡತಿದ್ದೂ, ಖರೇ, ಆದರ ನನ್ನವು. ಹೊಸಾವು ಕೊಡ್ತೀವಂತ ಹೇಳಿ ಅವನ್ನ ಕಿತ್ಗೊಂಡು ಹೋದೋರು ನೀವು. ಈಗ ರೊಕ್ಕ ಬೇಕಾಗಿರೋದು ನಿಮಗ. ಬೇಡೋರ ಮಾರಿ ತೋರಸ್ರಿ, ನನ್ನದ್ಯಾಕ?"

ಮಹಾಂತೇಶ ತನ್ನ ಬೂಟುಗಳನ್ನು ನೋಡಿಕೊಂಡ, ಹಲ್ಲು ಕಿತ್ತ ಕೈ ಅವನದೇ ತಾನೇ. ನಾನು ಏನಾದರೂ ಹೇಳಲೇಬೇಕೆಂದು ನಕ್ಕೆ. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಎಷ್ಟೋ ಇಕ್ಕಟ್ಟುಗಳನ್ನು ದಾಟಿಸಿದ ನಗು ಅದು. ಹುಲಿಗೆಮ್ಮ ನನ್ನ ಬಾಯನ್ನೇ ನೋಡಿದಳು. ಕುರಿಯ ಹಲ್ಲೆಣಿಸಿ ಅದರ ವಯಸ್ಸು ಹೇಳಬಲ್ಲ ಕಣ್ಣುಗಳವು.

"ನಿಮ್ಮವೂ ಕಟ್ಟಿಸಿದ್ವ ಅದಾವಲ್ರೀ?" ಎಂದಳು. "ನೀವು ನಗೂ ಮುಂದ ಮ್ಯಾಲಿನ ಸಾಲು ಒಂಚೂರು ತಡದು ಬರ್ತೈತಿ."

ಇಲ್ಲಿ ನಾನು ನಿಮಗೆ, ಇಷ್ಟು ಹೊತ್ತು ನನ್ನ ಜೊತೆ ಬಂದ ಸ್ನೇಹಿತರಿಗೆ, ಒಂದು ತಪ್ಪೊಪ್ಪಿಗೆ ಮಾಡಬೇಕು. ಹುಲಿಗೆಮ್ಮ ಹೇಳಿದ್ದು ನಿಜ. ಎಂಟು ವರ್ಷದ ಹಿಂದೆ, ಇನ್ನೂ ಪಾಠ ಮಾಡುತ್ತಿದ್ದಾಗ, ನನ್ನ ಮೇಲಿನ ಸಾಲು ಪೂರ್ತಿ ಹೋಯಿತು. ಗೆಳತಿಯ ಮನೆಗೆಂದು ಹೇಳಿ ಹುಬ್ಬಳ್ಳಿಗೆ ಹೋಗಿ ಕಟ್ಟಿಸಿಕೊಂಡು ಬಂದೆ. ತಮ್ಮನಿಗೆ ಗೊತ್ತಿಲ್ಲ, ಎದುರು ಮನೆಯಾಕೆಗೆ ಗೊತ್ತಿಲ್ಲ, ಅಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ಸುನೀತಾಳಿಗೂ ಗೊತ್ತಿರಲಿಲ್ಲ. ಶಕಾರ ಷಕಾರ ಸಕಾರಗಳ ಭೇದ ತಿಳಿಯದ ವಿದ್ಯಾರ್ಥಿಗಳನ್ನು ನಿಲ್ಲಿಸಿ ನೂರು ಸಲ ಉಚ್ಚರಿಸಲು ಹಚ್ಚಿದವಳು ನಾನು. ಆ ಮೂರು ಅಕ್ಷರಗಳು ಈಗ ನನ್ನ ಬಾಯಲ್ಲಿ ಬಾಡಿಗೆಗೆ ಇವೆಯೆಂದು ಯಾರಿಗೆ ಹೇಳಲಿ? ರಾತ್ರಿ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಹಲ್ಲನ್ನು ಅದರಲ್ಲಿ ಮಲಗಿಸಿ, ಡಬ್ಬಿಯನ್ನು ದೇವರ ಕೋಣೆಯ ಗೋಡೆಯಲ್ಲಿದ್ದ ಮಾಡದಲ್ಲಿ ಅಡಗಿಸುತ್ತಿದ್ದೆ. ನನ್ನ ಬಾಯಿಯನ್ನು ಎಂಟು ವರ್ಷ ದೇವರ ಹಿಂದೆ ಬಚ್ಚಿಟ್ಟವಳು, ಇನ್ನೊಬ್ಬ ಹೆಂಗಸಿನ ಬಾಯಿಯನ್ನು ಲೋಕದ ಮುಂದೆ ತೆರೆಸಲು ಕಾರು ಹತ್ತಿ ಬಂದಿದ್ದೆ.

ಮಹಾಂತೇಶ ಮುಖವೆತ್ತಲಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅದರಿಂದ ಗೊತ್ತಾಯಿತು.

ಕನ್ನಡದಲ್ಲಿ ದೀನವಾಗಿ ಬೇಡುವುದಕ್ಕೆ ಹಲ್ಲು ಗಿಂಜುವುದೆನ್ನುತ್ತಾರೆ. ನಾನು ಹುಟ್ಟಿದಂದಿನಿಂದ ಯಾರ ಮುಂದೆಯೂ ಹಲ್ಲು ಗಿಂಜಿದವಳಲ್ಲವೆಂಬುದು ನನ್ನ ಹೆಮ್ಮೆಯಾಗಿತ್ತು. ಕೊಡುವ ಜಾಗದಲ್ಲಿ ಕೂತೇ ನನಗೆ ರೂಢಿ, ಕೇಳುವ ಜಾಗದಲ್ಲಿ ಇತರರನ್ನು ಕೂರಿಸಿ. ಆದರೆ ನಮ್ಮ ತಂದೆಯ ಮನೆಗೆ ಸೋಮವಾರ ಸೋಮವಾರ ಮಠದ ದಾಸೋಹಕ್ಕೆಂದು ಜೋಳಿಗೆ ಹಿಡಿದು ಬರುತ್ತಿದ್ದ ಅಯ್ಯನವರೊಬ್ಬರಿದ್ದರು. ಅವರ ಮುಖದಲ್ಲಿ ನಾಚಿಕೆಯ ಎಳೆಯೂ ಇರುತ್ತಿರಲಿಲ್ಲ, ನೆಟ್ಟಗೆ ನಿಂತು ಕೇಳುತ್ತಿದ್ದರು, ಹಿಟ್ಟು ಬಿದ್ದ ಮೇಲೆ ನೆಟ್ಟಗೇ ಹೋಗುತ್ತಿದ್ದರು. ತನಗಾಗಿಯಲ್ಲದೆ ಕೇಳುವವನಿಗೆ ಬೆನ್ನು ಬಗ್ಗಿಸುವ ಅಗತ್ಯವಿಲ್ಲವೆಂದು ಅವ್ವ ಹೇಳುತ್ತಿದ್ದುದು ಬೇವಿನ ಮರದಡಿ ನೆನಪಾಯಿತು. ಸುನೀತಾಳಿಗೆ ಫೋನು ಎತ್ತಿಕೊಳ್ಳಲು ಹೇಳಿದೆ.

ಆ ವೀಡಿಯೊದಲ್ಲಿ ನಾನು, ಇವು ನನ್ನ ಸ್ವಂತ ಹಲ್ಲಲ್ಲ ಎಂದು ಹೇಳಿ, ಬಾಯಿಗೆ ಕೈ ಹಾಕಿ ಮೇಲಿನ ಸಾಲನ್ನು ತೆಗೆದು ಅಂಗೈಯಲ್ಲಿ ಹಿಡಿದೆ. ಇಂಥ ಸೆಟ್ಟು ಇಲ್ಲದೆ ಹನ್ನೊಂದು ಜನ ಕಾಯುತ್ತಿದ್ದಾರೆ, ಅವರ ಹಲ್ಲು ಕಿತ್ತವರು ನಾವು, ಕಟ್ಟಿಸಿಕೊಡಲು ನಮ್ಮಲ್ಲಿ ಹಣವಿಲ್ಲ, ಕೊಡಿ ಎಂದೆ. ಎಂದೆನೆಂದು ಬರೆಯುವುದು ಸುಲಭ. ಹಲ್ಲಿಲ್ಲದ ಬಾಯಿಂದ ಹೊರಟದ್ದು ಬೇರೆಯೇ ಒಂದು ಭಾಷೆ. ಸಕಾರಗಳೆಲ್ಲ ಗಾಳಿಯಾಗಿ ಹಾರಿಹೋದವು, ಗೊತ್ತಿರುವ ದಂತ್ಯಗಳು ದಾರಿ ತಪ್ಪಿ ತುಟಿಗೆ ಬಂದು ಬಿದ್ದವು. ನನ್ನ ಹಿಂದೆ ನಿಂತಿದ್ದ ಹುಲಿಗೆಮ್ಮ ಮೊದಲು ತಡೆದುಕೊಂಡಳು. ಆಮೇಲೆ ಅವಳ ಸೆರಗು ಜಾರಿತು. ಆ ನೆಲ ಅಲ್ಲಾಡುವಂತೆ ಅವಳು ನಕ್ಕಳು, ಬೋಳು ವಸಡು ಪೂರ್ತಿ ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ. ಅವಳ ನಗು ಕೇಳಿ ನನಗೂ ನಗು ಬಂತು. ತರಬೇತಿಯ ಯುವಕ ಹೇಳಿದ ಕಣ್ಣೀರು ಹೀಗೆ ಇಬ್ಬರ ಕಣ್ಣಲ್ಲೂ ಸಿಕ್ಕಿತು, ಮೊದಲ ಮೂರು ಸೆಕೆಂಡಿನಲ್ಲಿ ಮಾತ್ರ ಇರಲಿಲ್ಲ. ವೀಡಿಯೊದಲ್ಲಿ ತನ್ನ ನಗುವೂ ಇರಲೆಂದು ಹುಲಿಗೆಮ್ಮ ತಾನೇ ಹೇಳಿದಳು. ನಗುವ ಬಾಯಿಗೂ ಬೇಡುವ ಬಾಯಿಗೂ ಅವಳ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿತ್ತು.

ದಾನದ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಸುನೀತಾ ವೀಡಿಯೊ ಹಾಕಿದಳು. ನಾನು ಸ್ನಾನ ಪೂಜೆ ಮುಗಿಸಿ ಕೂಗುವ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕೂತೆ. ಒಂದು ಗಂಟೆಯೊಳಗೆ ಫೋನು ಬಿಸಿಯಾಯಿತು. ಎಲ್ಲಿಂದೆಲ್ಲಿಂದಲೋ ನನ್ನ ಹಳೆಯ ವಿದ್ಯಾರ್ಥಿಗಳು ಹೊರಟುಬಂದರು. ಮೇಡಂ ನಮಸ್ಕಾರ, ನಮಗೆ ಹಳಗನ್ನಡ ನೀವೇ ಹೇಳಿದ್ದು ಎಂದು ಒಬ್ಬ. ಅಂದು ಶಕಾರಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದಿರಿ, ಇಂದು ಸಮಾಧಾನವಾಯಿತು ಎಂದು ಇನ್ನೊಬ್ಬ. ಹೃದಯಗಳು, ಹೂಗಳು, ಕೈಮುಗಿದ ಅಂಗೈಗಳು ಸಾಲುಗಟ್ಟಿ ಬಂದವು. ಆದರೆ ಪೆಟ್ಟಿಗೆ ಮಾತ್ರ ಮೌನವ್ರತ ಹಿಡಿದಿತ್ತು. ಹನ್ನೊಂದು ಗಂಟೆಗೆ ಅದು ಒಮ್ಮೆ ಗಂಟಲು ಸರಿಮಾಡಿಕೊಂಡು, ಒಂದು ರೂಪಾಯಿ ಬಂದಿದೆ ಎಂದು ಗಂಭೀರವಾಗಿ ಘೋಷಿಸಿತು. ನಂಬರು ಸರಿಯಿದೆಯೋ ಇಲ್ಲವೋ ಎಂದು ಯಾರೋ ಪರೀಕ್ಷೆ ಮಾಡಿದ್ದರು. ಸರಿಯಿದೆಯೆಂದು ಗೊತ್ತಾದ ಮೇಲೆ ಅವರೂ ಸುಮ್ಮನಾದರು.

ಮಧ್ಯಾಹ್ನದ ಹೊತ್ತಿಗೆ ನನಗೆ ಅಳು ಬರುವಂತಾಗಿತ್ತು. ಮರ್ಯಾದೆ ಹೋಯಿತು, ಹಲ್ಲೂ ಬರಲಿಲ್ಲ. ಕಾರಣ ತಿಳಿಯದೆ ಕೊನೆಗೆ ಸಾಹುಕಾರರ ಅಂಗಡಿಗೇ ನಡೆದುಹೋದೆ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ನೆಮ್ಮದಿಯಾಗಿ ಕೂತು ಸೀರೆ ಮಡಿಸುತ್ತಿದ್ದರು. ನೀವೂ ಕೊಟ್ಟಿಲ್ಲವಲ್ಲ ಎಂದು ನಾನು ಕೇಳಿಯೇಬಿಟ್ಟೆ.

"ಮಂಗಳವಾರ ಐತಲ್ರೀ ಮೇಡಂ" ಎಂದರು ಸಾಹುಕಾರರು, ಚಿಕ್ಕ ಮಗುವಿಗೆ ಹೇಳುವಂತೆ. "ಇವತ್ತು ಲಕ್ಷ್ಮೀನ್ನ ಮನಿ ಬಿಟ್ಟು ಹೊರಗ ಕಳಸ್ತಾರೇನ್ರೀ? ಇಡೀ ಬಜಾರದಾಗ ಯಾರೂ ಕೊಡಂಗಿಲ್ಲ. ನಾಳೆ ಬುಧವಾರ ಬರಲಿ, ಮೊದಲ ನಂದ ಬರ್ತೈತಿ."

ಲೋಕಕ್ಕೆಲ್ಲ ದಾನದ ದಿನವನ್ನು ಗೊತ್ತುಮಾಡಿದ ಪುಣ್ಯಾತ್ಮರು ಅದನ್ನು ಮಂಗಳವಾರಕ್ಕೆ ಇಟ್ಟಿದ್ದರು. ಅವರು ಸಿಂಧನೂರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇದು ಮೊದಲೇ ಗೊತ್ತಿದ್ದರೆ ಹೇಳಬಾರದಿತ್ತೇ ಎಂದು ನಾನು ಸಂಕಟದಿಂದ ಕೇಳಿದೆ. ತಾವು ಕ್ಯಾಲೆಂಡರು ನೋಡಿದ್ದು ನಿಜ, ಆದರೆ ಲೋಕವೆಲ್ಲ ಮಾಡುತ್ತದೆಂದು ಸುನೀತಾ ಹೇಳಿದ್ದರಿಂದ, ಅವರ ಕಡೆಯ ಲಕ್ಷ್ಮಿಯ ರೀತಿನೀತಿ ಬೇರೆ ಇರಬಹುದೆಂದು ಸುಮ್ಮನಿದ್ದುದಾಗಿ ಸಾಹುಕಾರರು ಹೇಳಿದರು.

ಹಣ ಹೊರಗೆ ಬಿಡಬಾರದೆಂಬ ನಿಯಮ ಧಾನ್ಯಕ್ಕಿಲ್ಲವೆಂಬುದು ಮಾತ್ರ ಸಂಜೆಯ ಹೊತ್ತಿಗೆ ತಿಳಿಯಿತು. ಗೊರೇಬಾಳದಿಂದ ಒಬ್ಬ ಹಳೆಯ ವಿದ್ಯಾರ್ಥಿ ಬೈಕಿನ ಹಿಂದೆ ಒಂದು ಚೀಲ ಅಕ್ಕಿ ಕಟ್ಟಿಕೊಂಡು ಬಂದ. ಹಣ ನಾಳೆ ಹಾಕುತ್ತೇನೆ, ಇವತ್ತು ಬರಿಗೈಯಲ್ಲಿ ಕೂರಲು ಮನಸ್ಸಾಗಲಿಲ್ಲ ಎಂದ. ವಳಕಮದಿನ್ನಿಯಿಂದ ಆಟೋದಲ್ಲಿ ಎರಡು ಚೀಲ ಬಂದವು. ಹಲ್ಲಿಲ್ಲದವರಿಗೆಂದು ಒಬ್ಬ ಮಹಾನುಭಾವ ಒಂದು ಹೊರೆ ಕಬ್ಬು ತಂದು ಕಟ್ಟೆಯ ಮೇಲೆ ಒರಗಿಸಿ ಹೋದ, ಅವನ ಅಂಕಪಟ್ಟಿ ನೆನಪಾಗಿ ನನಗೆ ಆಶ್ಚರ್ಯವಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಕಟ್ಟೆ ಧಾನ್ಯದ ಗಂಜ್ ಬಜಾರಿನಂತಾಗಿತ್ತು.

ಬುಧವಾರ ಬೆಳಿಗ್ಗೆ ಚಹಾಕ್ಕೆ ಹಾಲು ಇಡುತ್ತಿದ್ದೆ. ಪಡಸಾಲೆಯಿಂದ ಪೆಟ್ಟಿಗೆ ಮಾತಾಡಿತು. ನಾನು ಒಲೆ ಬಿಟ್ಟು ಹೊರಗೆ ಬರುವಷ್ಟರಲ್ಲಿ ಇನ್ನೊಮ್ಮೆ, ಮತ್ತೊಮ್ಮೆ. ಆಮೇಲೆ ಒಂದು ಮೊತ್ತವನ್ನು ಪೂರ್ತಿ ಹೇಳಿ ಮುಗಿಸುವುದರೊಳಗೆ ಇನ್ನೊಂದು ಬಂದು, ಪೆಟ್ಟಿಗೆ ಉಸಿರುಗಟ್ಟಿ ಕೂಗತೊಡಗಿತು. ಹಾಲು ಉಕ್ಕಿ ಒಲೆಯ ಮೇಲೆ ಹರಿದರೂ ನಾನು ಅಲ್ಲೇ ನಿಂತಿದ್ದೆ. ಎಷ್ಟು ಬಂತೆಂದು ಹೇಳುವುದಿಲ್ಲ, ಅದು ಟ್ರಸ್ಟಿನ ಗುಟ್ಟು. ಹನ್ನೊಂದು ಜನರಿಗೆ ಸಾಕಾಗಿ, ಮುಂದಿನ ವರ್ಷದವರ ಹಲ್ಲು ಕೀಳಲು ಮಹಾಂತೇಶನಿಗೆ ಧೈರ್ಯ ಬರುವಷ್ಟಾಯಿತು ಎಂದರೆ ಸಾಕು.

ಅದಕ್ಕಿಂತ ವಿಚಿತ್ರವಾದದ್ದು ಆ ವಾರವೆಲ್ಲ ನಡೆಯಿತು. ಎದುರು ಮನೆಯಾಕೆ ಸ್ವಲ್ಪ ಸಕ್ಕರೆ ಬೇಕೆಂದು ಬಂದವರು, ಬಾಗಿಲು ಮುಂದೆ ಮಾಡಿ, ತಮ್ಮ ಎಡಗಡೆಯ ನಾಲ್ಕು ತಮ್ಮವಲ್ಲವೆಂದು ಹೇಳಿ, ಸಕ್ಕರೆ ಮರೆತು ಹೋದರು. ನಮ್ಮ ಕಾಲೇಜಿನ ಹಳೆಯ ಪ್ರಿನ್ಸಿಪಾಲರು ಫೋನು ಮಾಡಿ ಅರ್ಧ ಗಂಟೆ ಹವಾಮಾನ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು, ಎರಡೂ ಸಾಲು. ಶುಕ್ರವಾರ ಸಂಜೆ ಸಾಹುಕಾರರು ರಸೀದಿಗೆ ಸಹಿ ಹಾಕಲು ಬಂದು, ಹಾಕಿದ ಮೇಲೂ ಎದ್ದೇಳದೆ ಕೂತರು. ಟೋಪಿ ತೆಗೆದರು, ಹಾಕಿಕೊಂಡರು. ಆಮೇಲೆ ತಮ್ಮ ಕೆಳಗಿನ ಸಾಲು ಹನ್ನೆರಡು ವರ್ಷದಿಂದ ಕಟ್ಟಿಸಿದ್ದೆಂದೂ, ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲವೆಂದೂ ಮೆಲ್ಲಗೆ ಹೇಳಿದರು. ಹಲ್ಲು ಹಂಚುವ ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ನಾಲ್ಕು ವರ್ಷ ಎದುರುಬದುರು ಕೂತು, ಬೇರೆಯವರಿಗೆ ಕೊಟ್ಟದ್ದನ್ನು ಹೆಮ್ಮೆಯಿಂದಲೂ ತಮಗೆ ಸಿಕ್ಕಿದ್ದನ್ನು ನಾಚಿಕೆಯಿಂದಲೂ ಕಂಡಿದ್ದೆವು. ಕೊಡುವವರಿಗೆ ಏನೂ ಕೊರತೆಯಿರಬಾರದೆಂದು ನಮಗೆ ಯಾರು ಹೇಳಿಕೊಟ್ಟರೋ. ಅಂದು ಸಾಹುಕಾರರು ಎದ್ದು ಹೋಗುವಾಗ ನಕ್ಕರು, ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದು ಅದೇ ಮೊದಲು.

ತಿಂಗಳೊಂದಾದ ಮೇಲೆ ಸೆಟ್ಟುಗಳು ತಯಾರಾಗಿ ಬಂದವು. ಲಿಂಗಸುಗೂರಿನ ದವಾಖಾನೆಯ ಕೋಣೆಯೊಳಗೆ ಹನ್ನೊಂದು ಜನ ಹಿಡಿಸಲಾರರೆಂದು ಮಹಾಂತೇಶ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದ್ದ. ಒಬ್ಬೊಬ್ಬರೇ ಒಳಗೆ ಹೋಗಿ, ಮುಖದ ಕೆಳಭಾಗ ಹತ್ತು ವರ್ಷ ಹಿಂದಕ್ಕೆ ಹೋದವರಂತೆ ಹೊರಗೆ ಬಂದರು. ಬಂದವರೆಲ್ಲ ಬಾಯೊಳಗೆ ನೆಂಟರು ಬಂದಿಳಿದವರಂತೆ ಬಿಗಿಯಾಗಿ ಕೂತರು. ಹುಲಿಗೆಮ್ಮ ಕೊನೆಗೆ ಹೋದಳು. ಕನ್ನಡಿ ಕೊಟ್ಟಾಗ ಬಹಳ ಹೊತ್ತು ನೋಡಿಕೊಂಡಳು.

"ನಮ್ಮಕ್ಕನಂಗ ಕಾಣಾಕತ್ತೀನಿ" ಎಂದಳು, ಯಾರಿಗೂ ಅಲ್ಲದೆ. ಅಕ್ಕ ತೀರಿಕೊಂಡು ಬಹಳ ವರ್ಷವಾಗಿತ್ತೆಂದು ಆಮೇಲೆ ಸೊಸೆ ಹೇಳಿದಳು. ಪಾಮನಕಲ್ಲೂರಿನಲ್ಲಿ ನಾವು ಅಷ್ಟು ಪ್ರಯತ್ನಪಟ್ಟರೂ ಬಾರದಿದ್ದದ್ದು ಆಗ ಅವಳ ಕಣ್ಣಿಗೆ ತಾನಾಗಿಯೇ ಬಂತು. ಸುನೀತಾ ಫೋನನ್ನು ಚೀಲದಿಂದ ತೆಗೆಯಲಿಲ್ಲ.

ಹುಲಿಗೆಮ್ಮ ಹೊರಗೆ ಬಂದು ಚಾಪೆಯ ಮೇಲೆ ಕೂತು, ಸೊಸೆಯ ಕೈಯಿಂದ ಒಂದು ಬಿಳಿ ಬಟ್ಟೆಯ ಗಂಟು ಇಸಿದುಕೊಂಡು ಬಿಚ್ಚಿದಳು. ಎಳ್ಳು ಹಚ್ಚಿ ಬಡಿದು ಒಣಗಿಸಿದ ಸಜ್ಜೆ ರೊಟ್ಟಿಗಳು, ಹಪ್ಪಳದಷ್ಟು ತೆಳ್ಳಗೆ, ಹೆಂಚಿನಷ್ಟು ಗಟ್ಟಿಗೆ. ಹನ್ನೊಂದು ಜನರಿಗೂ ಒಂದೊಂದು ಕೊಟ್ಟಳು. ಒಂದನ್ನು ನನ್ನ ಮುಂದೆ ಹಿಡಿದಳು. ಎಂಟು ವರ್ಷ ನಾನು ಮದುವೆ ಮುಂಜಿಗಳಲ್ಲಿ, ಬಂಧುಗಳ ಮನೆಗಳಲ್ಲಿ, ಈ ರೊಟ್ಟಿ ಬಂದಾಗಲೆಲ್ಲ ಇವತ್ತು ಉಪವಾಸವೆಂದು ಹೇಳಿ ಬಾಳೆಹಣ್ಣು ತಿಂದು ಎದ್ದವಳು. ಊರಲ್ಲಿ ನನಗೆ ಬಹಳ ನಿಷ್ಠಾವಂತಳೆಂಬ ಹೆಸರಿದೆ.

"ತಿನ್ರಿ ಅಕ್ಕೋರ, ಇಬ್ಬರೂ ಕೂಡೇ ಮುರಿಯೋಣು" ಎಂದಳು ಹುಲಿಗೆಮ್ಮ.

ಮಹಾಂತೇಶ ಬಾಗಿಲಿಗೆ ಬಂದು, ಮೊದಲ ಒಂದು ವಾರ ಮೆತ್ತಗಿನ ಅನ್ನ ಬಿಟ್ಟು ಬೇರೇನನ್ನೂ ಬಾಯಿಗಿಡಬಾರದೆಂದು ಬಹಳ ಮುಖ್ಯವಾದ ಎಚ್ಚರಿಕೆಯನ್ನು ಕೊಡಲು ಶುರುಮಾಡಿದ. ಹನ್ನೆರಡು ಬಾಯಿಗಳು ಒಮ್ಮೆಲೇ ಕಟಕ್ಕೆಂದು ಕಚ್ಚಿದ ಸದ್ದಿನಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ.